ಸಹಾಯ ಬೇಕು: ಘಟ್ಟದ ದಾರಿಯಲ್ಲಿ ಸಣ್ಣ ಕಾರಿನ ನಿಜವಾದ ಮೈಲೇಜ್ ಎಷ್ಟು?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿರುವ ನಮ್ಮ ಐದು ಜನರ ಕುಟುಂಬಕ್ಕೆ ಪೆಟ್ರೋಲ್ ಕಾರೊಂದನ್ನು ಕೊಳ್ಳಬೇಕಾಗಿದ್ದು, ತಾಯಿಯವರ ಚಿಕಿತ್ಸೆಗಾಗಿ ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಆಗಾಗ ಹೋಗಿಬರಬೇಕಾದ ಕಾರಣ ಇಂಧನದ ಖರ್ಚು ನಮಗೆ ಬಹಳ ಮುಖ್ಯವಾಗಿದೆ. ಉದ್ದ 4 ಮೀಟರ್ ಮೀರದ, 1200 ಸಿಸಿಯೊಳಗಿನ ಪೆಟ್ರೋಲ್ ಕಾರುಗಳಿಗೆ 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿ ಶೇ. 18ಕ್ಕೆ ಇಳಿದಿದ್ದು, ಅದಕ್ಕಿಂತ ದೊಡ್ಡವಕ್ಕೆ ಶೇ. 40 ಇರುವುದರಿಂದ ಮನಸ್ಸು ಸಣ್ಣ ಕಾರಿನತ್ತಲೇ ವಾಲಿದೆ.

ಸ್ವಿಫ್ಟ್ ಲೀಟರಿಗೆ ಸುಮಾರು 25 ಕಿ.ಮೀ., 4.3 ಮೀಟರ್ ಉದ್ದದ ಕ್ರೆಟಾ ಸುಮಾರು 17 ಕಿ.ಮೀ. ಕೊಡುತ್ತವೆಂದು ಕಂಪನಿಗಳು ಹೇಳುತ್ತವೆ. ಆದರೆ ಈ ಅಂಕಿಗಳು ಪ್ರಯೋಗಾಲಯದ ರೋಲರ್‌ಗಳ ಮೇಲೆ, ಗಂಟೆಗೆ 90 ಕಿ.ಮೀ. ಮೀರದ ವೇಗದಲ್ಲಿ ಅಳೆದವು. ಅಲ್ಲಿ ಏರೂ ಇಲ್ಲ, ಎಸಿಯೂ ಇಲ್ಲ. ಐವರು ಕುಳಿತ ಸಣ್ಣ ಕಾರು ಏರಿನಲ್ಲಿ ಕೆಳಗಿನ ಗೇರಿನಲ್ಲೇ ಹೆಚ್ಚು ದುಡಿಯಬೇಕಾಗುವುದರಿಂದ, ಸ್ವಿಫ್ಟ್ ಹಾಗೂ ಕ್ರೆಟಾಗಳ ಮೈಲೇಜ್ ನಡುವಿನ ಅಂತರ ಘಟ್ಟದಲ್ಲಿ ಎಷ್ಟು ಕುಗ್ಗುತ್ತದೆ ಎಂಬುದೇ ನನ್ನ ಪ್ರಶ್ನೆ.

ಟ್ಯಾಂಕ್ ಪೂರ್ತಿ ತುಂಬಿಸಿ, ಮತ್ತೆ ತುಂಬಿಸುವವರೆಗೆ ಓಡಿದ ಕಿ.ಮೀ. ಲೆಕ್ಕ ಇಟ್ಟವರು ದಯವಿಟ್ಟು ಕಾರಿನ ಮಾದರಿ, ಜನರ ಸಂಖ್ಯೆ ಹಾಗೂ ಬಂದ ಮೈಲೇಜ್ ತಿಳಿಸಿರಿ. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಗಿಂತ ಬಂಕಿನ ಲೆಕ್ಕವೇ ನಂಬಲರ್ಹವೆಂದು ಭಾವಿಸುತ್ತೇನೆ. ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ದೂರದ ಪ್ರಯಾಣದಲ್ಲಿ ಆರಾಮವಾಗಿ ಕೂರಬಹುದೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.