ಹುಟ್ಟುಹಬ್ಬದ ಫೋಟೊದ ಹಿಂದಿನ ಟಿ.ವಿ.ಯಲ್ಲಿರುವ ಆಟ ಯಾವುದು?

ಬೆಣ್ಣೆದೋಸೆ96:
ಇಲ್ಲಿ ಎಲ್ಲರೂ ಹಳೆಯ ವಿಡಿಯೊ ಗೇಮ್‌ಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರಿನಿಂದ ತೆಗೆದ ಚೊಕ್ಕ ಸ್ಕ್ರೀನ್‌ಶಾಟ್ ಹಾಕಿ ಆಟದ ಹೆಸರು ಕೇಳುತ್ತೀರಿ. ನನ್ನ ಬಳಿ ಅಂಥದ್ದಿಲ್ಲ. ಇರುವುದು 1996ರಲ್ಲಿ ದಾವಣಗೆರೆಯ ನಮ್ಮ ಮನೆಯಲ್ಲಿ, ತಂಗಿಯ ಐದನೆಯ ಹುಟ್ಟುಹಬ್ಬದ ದಿನ ಸೋದರಮಾವ ತೆಗೆದ ಫೋಟೊ. ಮುಂದೆ ಕೇಕು, ಸುತ್ತ ಹನ್ನೊಂದು ತಲೆ, ಹಿಂದೆ ಷಟರ್ ಇರುವ ನಮ್ಮ ಹಳೆಯ ಟಿ.ವಿ. ಹತ್ತು ತಲೆಗಳು ಕೇಕಿನ ಕಡೆ ಬಾಗಿವೆ. ಅಕ್ಕನದು ಮಾತ್ರ ಟಿ.ವಿ. ಕಡೆ. ಅವಳ ಕೈಯಲ್ಲಿ ಜಾಯ್‌ಸ್ಟಿಕ್ ಇದೆ, ಅದರ ವೈರು ಕೇಕಿನ ಮೇಜಿನ ಕೆಳಗೆ ಹಾದುಹೋಗಿದೆ.

ಪರದೆಯ ಮೇಲ್ಭಾಗ ಮಾತ್ರ ಬೆಳಗುತ್ತಿದೆ. ಅರ್ಧಕ್ಕಿಂತ ಕೆಳಗೆ ಬರೀ ಕಪ್ಪು. ನೆತ್ತಿಯಲ್ಲಿ, ಸರಿಯಾಗಿ ನಡುವೆ, ಗೂಡಿನಂಥ ಪೆಟ್ಟಿಗೆ, ಒಳಗೆ ಏನೋ ಕೆಂಪು. ಅದರಿಂದ ಕೆಳಕ್ಕೆ ನೆಟ್ಟಗೆ ಇಳಿದ ಗೋಡೆ. ಬಲಗಡೆ ಗುಲಾಬಿ ಬಣ್ಣದ ಪೆಂಗ್ವಿನ್. ಎಡಗಡೆ ಫ್ಲ್ಯಾಶಿನ ಬಿಳಿ ಮಚ್ಚೆ. ಮೂಲೆಯನ್ನು ತಂಗಿಯ ಕಾಗದದ ಟೋಪಿ ನುಂಗಿದೆ.

ಕ್ಯಾಸೆಟ್ ಈಗಿಲ್ಲ. ಸೆಟ್ಟಿನ ಸಮೇತ ಅಪ್ಪ ಅದನ್ನು ಹಳೆಯ ಪೇಪರಿನ ಜೊತೆ ಗುಜರಿಯವನಿಗೆ ಹಾಕಿದರು. ಅಕ್ಕನನ್ನೇ ಕೇಳಬಹುದಲ್ಲ ಎನ್ನಬೇಡಿ. ಕೇಳಿದರೆ, "ನೀನು ಒಮ್ಮೆಯೂ ಗೆಲ್ಲದ ಆಟವಲ್ಲವೇನೋ ಅದು" ಎಂದು ಶುರುಮಾಡುತ್ತಾಳೆ. ಹೆಸರು ಗೊತ್ತುಮಾಡಿಕೊಂಡೇ ಅವಳಿಗೆ ಫೋನು ಮಾಡಬೇಕೆಂದಿದ್ದೇನೆ.

ತುಂಗಾತೀರ:
ಪೆಂಗ್ವಿನ್ ಎಂದಮೇಲೆ ಇನ್ನೇನು, ಕೊನಾಮಿಯ ಅಂಟಾರ್ಕ್ಟಿಕ್ ಅಡ್ವೆಂಚರ್. ಕಣ್ಣು ಮುಚ್ಚಿ ಹೇಳುತ್ತೇನೆ.

ಬೆಣ್ಣೆದೋಸೆ96:
ಸ್ವಲ್ಪ ಕಣ್ಣು ತೆರೆದು ಹೇಳಿ ಸರ್. ಅದರಲ್ಲಿ ಪೆಂಗ್ವಿನ್ ನಮಗೆ ಬೆನ್ನು ಹಾಕಿ ದೂರದ ದಿಗಂತದ ಕಡೆ ಓಡುತ್ತದೆ, ದಾರಿಯಲ್ಲಿ ಹಿಮದ ಬಿರುಕುಗಳು, ಸೀಲ್‌ಗಳು. ಆ ಆಟವೂ ನಮ್ಮ ಕ್ಯಾಸೆಟ್ಟಿನಲ್ಲಿತ್ತು. ಈ ಫೋಟೊದಲ್ಲಿ ಓಡುವುದಕ್ಕೆ ಜಾಗವೇ ಇಲ್ಲ, ಎಲ್ಲಿ ನೋಡಿದರೂ ಗೋಡೆ.

ಎಂಟುಬಿಟ್ ಮೇಷ್ಟ್ರು:
ಹೆಸರು ಆಮೇಲೆ. ಆ ಕಪ್ಪು ಭಾಗ ಆಟದ್ದಲ್ಲ, ಮೊದಲು ಅದನ್ನು ಬದಿಗಿಡಿ. ನಮ್ಮ ಹಳೆಯ ಟಿ.ವಿ.ಗಳು ಸೆಕೆಂಡಿಗೆ 50 ಬಾರಿ ಪರದೆಯನ್ನು ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಬರೆಯುತ್ತಿದ್ದವು. ನಿಮ್ಮ ಮಾವನ ಕ್ಯಾಮೆರಾ ಸೆಕೆಂಡಿನ 1/125 ಭಾಗದಷ್ಟು ಹೊತ್ತು ಕಣ್ಣು ತೆರೆದಿತ್ತು ಎಂದುಕೊಳ್ಳಿ. ಅಷ್ಟರಲ್ಲಿ ಟಿ.ವಿ. ಬರೆದು ಮುಗಿಸುವುದು ಪರದೆಯ ಐದರಲ್ಲಿ ಎರಡು ಪಾಲು ಮಾತ್ರ. ಕೆಳಗೆ ಆಟ ಇದ್ದೇ ಇತ್ತು, ಫೋಟೊಗೆ ಸಿಗಲಿಲ್ಲ ಅಷ್ಟೆ.

ಇನ್ನು ಯಂತ್ರ. ನಮ್ಮ ಊರುಗಳಲ್ಲಿ ಆಗ ಮಾರಾಟವಾಗುತ್ತಿದ್ದ ಸೆಟ್ಟುಗಳಲ್ಲಿ ಹೆಚ್ಚಿನವು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು. ಅದರ ಚಿತ್ರದ ಅಗಲ 256 ಚುಕ್ಕೆ, ಎತ್ತರ 240. ಹಿನ್ನೆಲೆಯ ಬಣ್ಣಗಳ ಗುಂಪನ್ನು 16×16 ಚುಕ್ಕೆಗಳ ಚೌಕಕ್ಕೆ ಒಂದರಂತೆ ಬದಲಿಸಬಹುದಿತ್ತು. ನಿಮ್ಮ ಗೋಡೆಯ ಇಟ್ಟಿಗೆಗಳ ಬಣ್ಣ ಅದೇ ಲೆಕ್ಕದಲ್ಲಿ ಬದಲಾಗುತ್ತಿದೆ. ಅದೇ ಕಾಲದ ಸ್ಪೆಕ್ಟ್ರಮ್ ಎಂಬ ಮನೆಬಳಕೆಯ ಕಂಪ್ಯೂಟರ್ ಆಗಿದ್ದರೆ 8×8ರ ಚೌಕಕ್ಕೆ ಎರಡೇ ಬಣ್ಣ. ಗುಲಾಬಿ ಪೆಂಗ್ವಿನ್ ಗೋಡೆಗೆ ತಾಗಿದಾಗ ಬಣ್ಣ ಕಲಸಿ ರಾಡಿಯಾಗುತ್ತಿತ್ತು. ಆದ್ದರಿಂದ ಹುಡುಕಾಟವನ್ನು ಫ್ಯಾಮಿಕಾಮ್‌ನೊಳಗೇ ಮಾಡೋಣ.

ಹೆಸರು? ಗೊತ್ತಿಲ್ಲ. ನಾನು ಬಾಂಬರ್‌ಮ್ಯಾನ್ ಬಿಟ್ಟು ಏಳುತ್ತಿರಲಿಲ್ಲ.

ಮಲ್ಲಿಗೆಹಂಬು:
ಮೇಷ್ಟ್ರೇ, ನೀವು ಬಾಗಿಲವರೆಗೂ ಬಂದು ವಾಪಸು ಹೋದಿರಿ! ಇದೂ ಬಾಂಬರ್‌ಮ್ಯಾನ್ ಮಾಡಿದ ಹಡ್ಸನ್ ಸಾಫ್ಟ್‌ನದೇ. ಹೆಸರು ಬೈನರಿ ಲ್ಯಾಂಡ್, ಫ್ಯಾಮಿಕಾಮ್‌ಗೆ ಬಂದದ್ದು 1985ರಲ್ಲಿ.

ಆ ಗೂಡಿನೊಳಗಿನ ಕೆಂಪು ಒಂದು ಹೃದಯ. ಗುಲಾಬಿ ಪೆಂಗ್ವಿನ್ ಹೆಣ್ಣು, ಮಾಲೋನ್. ಅದರ ಜೊತೆಗಾರ ಗುರಿನ್ ಗೋಡೆಯ ಆಚೆ ಇರುತ್ತಾನೆ, ಅಂದರೆ ನಿಮ್ಮ ಫ್ಲ್ಯಾಶಿನ ಮಚ್ಚೆಯ ಕೆಳಗೆ ಇದ್ದಾನೆ. ಇಬ್ಬರನ್ನೂ ಆಡಿಸುವುದು ಒಂದೇ ಜಾಯ್‌ಸ್ಟಿಕ್. ಮೇಲಕ್ಕೆ ಒತ್ತಿದರೆ ಇಬ್ಬರೂ ಮೇಲಕ್ಕೆ. ಬಲಕ್ಕೆ ಒತ್ತಿದರೆ ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ, ಕನ್ನಡಿಯ ಮುಂದೆ ನಿಂತ ಹಾಗೆ. ಆದರೆ ಎರಡು ಕಡೆಯ ದಾರಿ ಒಂದೇ ತರಹ ಇರುವುದಿಲ್ಲ. ಒಬ್ಬರು ಗೋಡೆಗೆ ತಡೆದು ನಿಂತಾಗ ಇನ್ನೊಬ್ಬರು ಮುಂದೆ ಹೋಗುತ್ತಾರೆ. ಕೊನೆಗೆ ಇಬ್ಬರೂ ಎರಡು ಬದಿಯಿಂದ ಒಟ್ಟಿಗೇ ಗೂಡು ಸೇರಬೇಕು. ನಡುವೆ ಜೇಡಗಳು, ಬಲೆಗಳು. ಬಲೆಗೆ ಸಿಕ್ಕಿದವನನ್ನು ಇನ್ನೊಬ್ಬ ಬಂದು ಬಿಡಿಸಬೇಕು.

ಎರಡು ಕಣ್ಣನ್ನು ಎರಡು ಕಡೆ ಇಟ್ಟು ಆಡುವ ಆಟ ಇದು. ನನ್ನ ಅಣ್ಣನಿಗೂ ಕೊನೆಯವರೆಗೆ ಒಲಿಯಲಿಲ್ಲ.

ಹೆಸರು ನಿಮಗೆ ನೆನಪಿರದಿದ್ದರೆ ತಪ್ಪು ನಿಮ್ಮದಲ್ಲ. ನಕಲಿ ಕ್ಯಾಸೆಟ್ಟುಗಳಲ್ಲಿ ಮೊದಲ ಪರದೆಯಿಂದ ಕಂಪನಿಯ ಹೆಸರು, ಇಸವಿ ಎಲ್ಲ ಅಳಿಸಿರುತ್ತಿದ್ದರು. ಒಂದು ಪರೀಕ್ಷೆ: ಮೂರು ಎಣಿಕೆಯ, ಉಯ್ಯಾಲೆ ತೂಗಿದಂಥ ಒಂದು ರಾಗ ನೆನಪಿದೆಯೇ? ಅದು ಎರಿಕ್ ಸಾತಿ ಎಂಬ ಫ್ರೆಂಚ್ ಸಂಗೀತಗಾರನ ವಾಲ್ಟ್ಸ್. ಅದನ್ನು ತಂದು ಪೆಂಗ್ವಿನ್‌ಗಳಿಗೆ ಹಾಕಿದ್ದಾರೆ.

ತುಂಗಾತೀರ:
ಕಣ್ಣು ತೆರೆದೆ. ಸೋತೆ.

ಬೆಣ್ಣೆದೋಸೆ96:
ಈಗಷ್ಟೇ ಅಕ್ಕನಿಗೆ ಫೋನು ಮಾಡಿದ್ದೆ. ಬಹಳ ಗತ್ತಿನಿಂದ "ಬೈನರಿ ಲ್ಯಾಂಡ್" ಎಂದೆ. "ಹಾಗೆಂದರೇನು?" ಎಂದಳು. ಅವಳ ಪಾಲಿಗೆ ಅದು ಇಂದಿಗೂ "ಗಂಡ ಹೆಂಡತಿ ಆಟ". ಗೆಲ್ಲಲು ಉಪಾಯವನ್ನೂ ಹೇಳಿದಳು: ಒಂದನ್ನು ಮಾತ್ರ ನೋಡಬೇಕಂತೆ, ಇನ್ನೊಂದು ಏನಾಗುತ್ತದೋ ಅದನ್ನು ಬೆರಳಿಗೆ ಬಿಡಬೇಕಂತೆ. ನಾನು ಎರಡನ್ನೂ ನೋಡುತ್ತಿದ್ದೆ. ರಾಗ ನೆನಪಿದೆಯೇ ಎಂದು ಕೇಳುವಷ್ಟರಲ್ಲಿ ಗುನುಗತೊಡಗಿದಳು. ತೊಡೆ ತಟ್ಟಿ ನೋಡಿದೆ, ಮೂರೇ ಎಣಿಕೆ.

ಆ ಫೋಟೊ ತೆಗೆದ ಮರುಕ್ಷಣ ಅಮ್ಮ ಸ್ವಿಚ್ ಆರಿಸಿದರಂತೆ. ಗೂಡಿಗೆ ನಾಲ್ಕು ಹೆಜ್ಜೆ ಇತ್ತು ಎಂದು ಈಗಲೂ ಕೊರಗುತ್ತಾಳೆ. ಭೂತಗನ್ನಡಿ ಹಿಡಿದು ಎಣಿಸಿದೆ. ಮಾಲೋನ್‌ಗೆ ಇನ್ನೂ ಆರು ಇಟ್ಟಿಗೆಯಷ್ಟು ದೂರವಿತ್ತು. ಇದನ್ನು ಅವಳಿಗೆ ಹೇಳಿಲ್ಲ.

ಅದೇ ಆಲ್ಬಮ್ಮಿನಲ್ಲಿ ಇನ್ನೊಂದು ಫೋಟೊ ಇದೆ, ದೀಪಾವಳಿಯದು. ಪರದೆಯಲ್ಲಿ ಒಂದು ಏಣಿ ಮತ್ತು ಯಾರದೋ ಕಾಲು ಮಾತ್ರ ಕಾಣುತ್ತದೆ. ಮೇಷ್ಟ್ರೇ, ಭಾನುವಾರ ಹಾಕುತ್ತೇನೆ.