ಕಪ್ಪು ಬಿಯರಿನ ರುಚಿ: ‘ಹುರಿಗಹಿ’ ಎನ್ನಬಹುದೇ?

ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಕಳೆದ ವಾರ ಅವರೇ ತಯಾರಿಸಿದ ಸ್ಟೌಟ್ ಎಂಬ ಕಪ್ಪು ಬಿಯರಿನ ರುಚಿ ನೋಡಿದೆ. ಅದನ್ನು ಕನ್ನಡದಲ್ಲಿ ಬಣ್ಣಿಸಹೊರಟಾಗ ಬಣ್ಣಕ್ಕೆ, ನೊರೆಗೆ, ಮಂದಕ್ಕೆ ಪದಗಳು ತಾವಾಗಿ ಒದಗಿದವು. ಇಂಗ್ಲಿಷಿನವರು ‘ರೋಸ್ಟಿ’ ಎನ್ನುವ ಗುಣಕ್ಕೆ ಬಂದಾಗ ತೊಡಕಾಯಿತು.

ಈ ಬಿಯರಿಗಾಗಿ ಬಾರ್ಲಿಯನ್ನು, ಎಂದರೆ ಜವೆಗೋಧಿಯನ್ನು, 200 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿನಲ್ಲಿ ಕಾಫಿ ಬೀಜದಂತೆ ಕಪ್ಪಾಗುವವರೆಗೆ ಹುರಿದು, ಮಾಲ್ಟಿನೊಡನೆ, ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದೊಡನೆ, ಸ್ವಲ್ಪವೇ ಬೆರೆಸುತ್ತಾರೆ. ಬಣ್ಣವೂ ನಾನು ಕೇಳುತ್ತಿರುವ ರುಚಿಯೂ ಬರುವುದು ಮುಖ್ಯವಾಗಿ ಅದರಿಂದಲೇ. ಇದನ್ನು ‘ಸೀದ ರುಚಿ’ ಎಂದರೆ ತಳ ಹಿಡಿದ ಅನ್ನ ನೆನಪಾಗುತ್ತದೆ. ‘ಕರಕಲು’ ರುಚಿಗಿಂತ ರೂಪವನ್ನೇ ಹೆಚ್ಚು ಹೇಳುತ್ತದೆ; ‘ಕಮರು’ ಎಂದರೆ ಕೂದಲು ಸುಟ್ಟ ವಾಸನೆ ಮೂಗಿಗೆ ಬಂದಂತಾಗುತ್ತದೆ; ‘ಘಾಟು’ ಒಗ್ಗರಣೆಯ ಮೆಣಸಿನಕಾಯಿಗೆ ಸೇರಿದ್ದು. ಇವೆಲ್ಲ ಅಡುಗೆ ಕೆಟ್ಟಾಗಲೋ ಕೆಮ್ಮು ಬಂದಾಗಲೋ ಆಡುವ ಮಾತುಗಳು, ಮೆಚ್ಚಿ ಆಡುವಂಥವಲ್ಲ. ‘ಹುರಿದ’ ಎಂಬುದರಲ್ಲಿ ದೂಷಣೆಯಿಲ್ಲವಾದರೂ ಅದು ಮಾಡಿದ ಕೆಲಸವನ್ನು ಹೇಳುತ್ತದೆಯೇ ಹೊರತು ನಾಲಿಗೆಗೆ ತಿಳಿದದ್ದನ್ನಲ್ಲ.

ಬರಿಯ ‘ಕಹಿ’ಯೂ ಸಾಲದು, ಏಕೆಂದರೆ ಬಿಯರಿನಲ್ಲಿ ಎರಡು ಕಹಿಗಳಿವೆ. ಹಾಪ್ಸ್ ಹೂವನ್ನು ಕುದಿಸಿದಾಗ ಬರುವ ಕಹಿ ಸೊಪ್ಪಿನ, ಹಾಗಲಕಾಯಿಯ ಜಾತಿಯದು. ಸ್ಟೌಟಿನಲ್ಲಿ ಮುಂದಾಗಿ ತೋರುವುದು ಗಟ್ಟಿ ಡಿಕಾಕ್ಷನ್ನಿನ ಜಾತಿಯದು. ಜೊತೆಗೆ ಗುಟುಕು ಇಳಿದ ಮೇಲೆ ಬಾಯಿ ಒಣಗಿಸುವ ಗುಣವೊಂದಿದೆ. ನನ್ನೊಡನೆ ಇದ್ದವರು ಅದನ್ನೂ ಕಹಿಯೆಂದೇ ಕರೆದರು, ಆದರೆ ಅದು ಸ್ಪಷ್ಟವಾಗಿ ಒಗರು. ಇಂಗ್ಲಿಷಿನವರು ಇದಕ್ಕೆ ಲ್ಯಾಟಿನ್ ಮೂಲದ ‘ಅಸ್ಟ್ರಿಂಜೆಂಟ್’ ಎಂಬ ಪಂಡಿತರ ಪದವನ್ನು ಹುಡುಕಬೇಕು. ನಮ್ಮಲ್ಲಿ ನೆಲ್ಲಿಕಾಯಿ ಕಚ್ಚಿದ ಮಗುವೂ ‘ಒಗರು’ ಎನ್ನುತ್ತದೆ. ಇಲ್ಲಿ ಹೊಸ ಪದದ ಅಗತ್ಯವೇ ಇಲ್ಲ.

ಹುರಿದದ್ದರ ಕಹಿಗೆ ಮಾತ್ರ ನನಗೆ ತೋಚಿದ್ದು ‘ಹುರಿಗಹಿ’. ಮೂಗಿಗೆ ಬರುವ ಪರಿಮಳಕ್ಕೆ ‘ಹುರಿಗಂಪು’. ಹುರಿಗಡಲೆ, ಹುರಿಗಾಳುಗಳಲ್ಲಿ ಕಕಾರ ಗಕಾರವಾಗಿರುವುದರಿಂದ ಸಂಧಿಗೆ ಆಧಾರವಿದೆ. ‘ಹುರಿಗಂಪು’ ಕಿವಿಗೆ ಹಿತವಾಗಿಯೇ ಇದೆ. ‘ಹುರಿಗಹಿ’ಯ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ, ಓದುವವರು ಅದರಲ್ಲಿ ‘ಕಹಿ’ಯನ್ನು ಗುರುತಿಸದೆ ಹೋಗಬಹುದು. ‘ಹುರಿಕಹಿ’ ಎಂದು ಬಿಡಿಸಿಯೇ ಬರೆಯುವುದು ಮೇಲೇ?

ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಕೊಡಗು, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಕಾಫಿ ಬೀಜವನ್ನು ತಾವೇ ಹುರಿಯುವವರು, ಹದ ಮೀರದೆ ಕಪ್ಪಾದ ಬೀಜದ ರುಚಿಯನ್ನು ಮೆಚ್ಚಿಕೊಂಡು ಹೇಳುವಾಗ ಬಳಸುವ ಪದ ಯಾವುದು? ಅಂಥದೊಂದು ಬಳಕೆಯಲ್ಲಿದ್ದರೆ ನನ್ನ ಎರಡು ಪದಗಳನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.