ಸಹಾಯ ಬೇಕು: ಸೆರೆಬ್ರಲ್ ಪಾಲ್ಸಿ ಚಾರ್ಟ್, ಡಾಕ್ಟರ್‌ಗೆ ಕ್ವೆರಿ ಬರೆಯುವುದು ಹೇಗೆ?

ನಮಸ್ಕಾರ. ಬೆಂಗಳೂರಿನಿಂದ ಅಮೆರಿಕದ ಚಾರ್ಟ್‌ಗಳಿಗೆ ಐಸಿಡಿ-10-ಸಿಎಂ ಕೋಡಿಂಗ್ (ರೋಗಿಯ ದಾಖಲೆ ನೋಡಿ ಕಾಯಿಲೆಗೆ ಕೋಡ್ ಕೊಡುವ ಕೆಲಸ) ಮಾಡುತ್ತೇನೆ. ಒಂದು ಮಗುವಿನ ಚಾರ್ಟ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಡಾಕ್ಟರ್ ನೋಟ್‌ನಲ್ಲಿ ಬರೀ ‘ಸೆರೆಬ್ರಲ್ ಪಾಲ್ಸಿ’ (ಮಿದುಳಿನ ತೊಂದರೆಯಿಂದ ಚಲನೆ ಕಷ್ಟವಾಗುವ ಸ್ಥಿತಿ) ಅಂತಿದೆ. ಥೆರಪಿ ನೋಟ್‌ನಲ್ಲಿ ಮಾತ್ರ ಎಲ್ಲಾ ವಿವರ ಇದೆ: ಬಲಗೈ ಮುಷ್ಟಿ ಬಿಗಿ, ಬಲಗಾಲು ತುದಿಯ ಮೇಲೆ ನಡಿಗೆ, ಸ್ಪಾಸ್ಟಿಕ್ ಹೆಮಿಪ್ಲೀಜಿಯಾ (ದೇಹದ ಒಂದು ಬದಿಯ ಸ್ನಾಯು ಬಿಗಿತ, ದೌರ್ಬಲ್ಯ).

ಥೆರಪಿಸ್ಟ್ ಬರೆದದ್ದನ್ನೇ ನಂಬಿ ಜಿ80.2 (ಸ್ಪಾಸ್ಟಿಕ್ ಹೆಮಿಪ್ಲೀಜಿಕ್ ಸೆರೆಬ್ರಲ್ ಪಾಲ್ಸಿ) ಹಾಕುವಂತಿಲ್ಲ, ಅಲ್ವಾ? ಸುಮ್ನೆ ಜಿ80.9 (ವಿಧ ಹೇಳದ ಸೆರೆಬ್ರಲ್ ಪಾಲ್ಸಿ) ಹಾಕಿ ಕಳಿಸಲೂ ಮನಸ್ಸಿಲ್ಲ. ಮಗುವಿನ ತೊಂದರೆ ಏನೆಂದು ಆ ಕೋಡ್ ಹೇಳುವುದೇ ಇಲ್ಲ. ಬಲಭಾಗ ತೋರಿಸಲು ಜಿ81 (ಹೆಮಿಪ್ಲೀಜಿಯಾ ಕೋಡ್) ಸೇರಿಸಿ ಎಂದರು ಒಬ್ಬರು. ಆದರೆ ಅಲ್ಲಿ ಜಿ80ಕ್ಕೆ ಎಕ್ಸ್‌ಕ್ಲೂಡ್ಸ್ 1 ಸೂಚನೆ ಇದೆ, ಅಂದರೆ ಎರಡೂ ಒಟ್ಟಿಗೆ ಬರುವ ಹಾಗಿಲ್ಲ.

ಡಾಕ್ಟರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳಿಸುವುದೇ ಸರಿ ಅನ್ನಿಸುತ್ತಿದೆ. ಉತ್ತರ ನಾವೇ ಹೇಳಿಕೊಟ್ಟ ಹಾಗೆ ಆಗಬಾರದು. ಮಕ್ಕಳ ನ್ಯೂರಾಲಜಿ ಚಾರ್ಟ್ ಮಾಡುವವರು ದಯವಿಟ್ಟು ಒಂದು ಮಾದರಿ ಹಾಕುತ್ತೀರಾ?